ಮಾಣಿಯ ವರದಿಯ ಐದು ಸಾಲು

ಶಿರಸಿ

ಚಿ. ಸೌ. ಕೂಸಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಮಗ ಮಾಣಿಯ ಬುದ್ಧಿಪರೀಕ್ಷೆಯ ವರದಿ ಬಂತು, ಓದಿದೆ. ನೀನು ಒಟ್ಟು ಅಂಕಿ 106 ಎಂಬುದನ್ನೇ ಮತ್ತೆ ಮತ್ತೆ ಬರೆದಿದ್ದೀಯ. ಅದರ ಕೆಳಗಿನ ಐದು ಸಾಲು ಓದಿದೆಯಾ? ಚಾಲಿ, ರಾಶಿ, ಬೆಟ್ಟೆ ಎಲ್ಲ ಒಂದೇ ಚೀಲಕ್ಕೆ ಸುರಿದು ಸರಾಸರಿ ದರ ಕಟ್ಟುತ್ತೇವೆ ಅಂದರೆ ನಿನ್ನಪ್ಪ ಅಡಿಕೆ ಕೊಡುತ್ತಾನಾ?

ಈ ಅಳತೆಯಲ್ಲಿ ಸರಾಸರಿ 100. ಮೂರರಲ್ಲಿ ಸುಮಾರು ಎರಡು ಪಾಲು ಮಕ್ಕಳು 85ರಿಂದ 115ರ ಒಳಗೇ ಇರುತ್ತಾರೆ. ಮಾಣಿಗೆ ಭಾಷೆ-ತಿಳಿವಳಿಕೆಯಲ್ಲಿ 116, ಆಕಾರ ಗ್ರಹಿಸುವುದರಲ್ಲಿ 119, ಹೊಸ ಸಮಸ್ಯೆ ಬಿಡಿಸುವ ತರ್ಕದಲ್ಲಿ 112, ಕೇಳಿದ್ದನ್ನು ಆ ಕ್ಷಣ ಮನಸ್ಸಿನಲ್ಲಿ ಹಿಡಿದಿಟ್ಟು ಬಳಸುವುದರಲ್ಲಿ 97, ವೇಗದಲ್ಲಿ 80. ಹೀಗೆ ಏರುಪೇರಿರುವಾಗ ಒಟ್ಟು ಅಂಕಿ ಅವನ ಬಗ್ಗೆ ಹೇಳುವುದು ಕಡಿಮೆ.

ಹೀಗೆ ಭಾಗ ಮಾಡಿ ನೋಡುವುದು ಹೇಗೆ ಬಂತು ಕೇಳು. 1904ರಲ್ಲಿ ಸ್ಪಿಯರ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ವಿಷಯದಲ್ಲಿ ಚುರುಕಾದ ಮಕ್ಕಳು ಉಳಿದವುಗಳಲ್ಲೂ ಸಾಮಾನ್ಯವಾಗಿ ಮುಂದಿರುತ್ತಾರೆ ಎಂದು ಗಮನಿಸಿ, ಎಲ್ಲಕ್ಕೂ ತಳದಲ್ಲಿ ಒಂದು ಸಾಮಾನ್ಯ ಶಕ್ತಿ ಇದೆ ಅಂದರು. ರೇಮಂಡ್ ಕ್ಯಾಟೆಲ್ ಅದನ್ನು ಎರಡಾಗಿ ಒಡೆದರು: ಗೊತ್ತಿಲ್ಲದ್ದಕ್ಕೆ ಸ್ಥಳದಲ್ಲೇ ದಾರಿ ಹುಡುಕುವ ಬುದ್ಧಿ, ಕಲಿತು ಕೂಡಿಟ್ಟ ಬುದ್ಧಿ. ಅವರ ಶಿಷ್ಯ ಜಾನ್ ಹಾರ್ನ್ ಪಟ್ಟಿ ಬೆಳೆಸಿದರು. 1993ರಲ್ಲಿ ಜಾನ್ ಕ್ಯಾರೊಲ್ 460ಕ್ಕೂ ಹೆಚ್ಚು ದತ್ತಾಂಶಗಳನ್ನು ಮತ್ತೆ ಜಾಲಾಡಿ, ಮೇಲೆ ಸಾಮಾನ್ಯ ಶಕ್ತಿ, ನಡುವೆ ಏಳೆಂಟು ವಿಶಾಲ ಸಾಮರ್ಥ್ಯ, ಕೆಳಗೆ ಹತ್ತಾರು ಸಣ್ಣ ಕೌಶಲ ಎಂದು ಮೂರು ಅಂತಸ್ತು ತೋರಿಸಿದರು. ‘ಪ್ರತಿ ಮಗುವಿಗೂ ಬೇರೆಯೇ ಬುದ್ಧಿವಂತಿಕೆ’ ಎಂದು ವಾಟ್ಸಾಪಿನಲ್ಲಿ ಓಡಾಡುವುದು ಇದಲ್ಲ. ಕೇಳಲು ಹಿತ, ಆದರೆ ಈ ಸಾಮರ್ಥ್ಯಗಳಿಗೆ ಒಂದಕ್ಕೊಂದು ನಂಟಿದೆ.

ನಮ್ಮೂರಲ್ಲೇ ನೋಡು. ತಾಳಮದ್ದಲೆಯಲ್ಲಿ ಅರ್ಥಧಾರಿಗೆ ಬರೆದುಕೊಟ್ಟ ಮಾತಿಲ್ಲ. ಎದುರಿನವ ಎಸೆದ ಪ್ರಶ್ನೆ ತಲೆಯಲ್ಲಿ ಉಳಿಯಬೇಕು, ಓದಿದ ಪುರಾಣ ಸಮಯಕ್ಕೆ ಒದಗಬೇಕು, ಎಂದೂ ಕೇಳದ ವಾದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು. ಮೂರೂ ಬೇರೆ ಸಾಮರ್ಥ್ಯ, ಒಂದೇ ಉಸಿರಿನಲ್ಲಿ ನಡೆಯುತ್ತವೆ. ಹಾಡುವ ಭಾಗವತರಿಗೆ ಕಿವಿಯದ್ದೂ ಸೇರಿತು. ಆ ಶ್ರವಣಶಕ್ತಿಗೆ ಕ್ಯಾರೊಲ್ ಪಟ್ಟಿಯಲ್ಲಿ ಜಾಗವಿದೆ, ಮಾಣಿಯ ವರದಿಯಲ್ಲಿ ಇಲ್ಲ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಒಂದು ಮರದಿಂದ ಇನ್ನೊಂದಕ್ಕೆ ದಾಟುವಾಗ ಕಣ್ಣಳತೆ ಎಷ್ಟು ಬೇಕು ಎಂದು ಯಾವ ಪೆನ್ಸಿಲು ಪರೀಕ್ಷೆ ಅಳೆಯುತ್ತದೋ ನಾ ಕಾಣೆ.

ವಯಸ್ಸಿನ ಜೊತೆಗೂ ಇವೆಲ್ಲ ಒಟ್ಟಿಗೆ ಇಳಿಯುವುದಿಲ್ಲ. ವೇಗ, ಹೊಸ ತರ್ಕ ಯೌವನದ ನಂತರ ನಿಧಾನ ಇಳಿಮುಖ. ಪದಸಂಪತ್ತು, ತಿಳಿವಳಿಕೆ ಅರವತ್ತರ ಆಸುಪಾಸಿನವರೆಗೂ ನಿಲ್ಲುತ್ತದೆ, ಬೆಳೆಯಲೂಬಹುದು. ನನಗೆ ಮೊಬೈಲು ಕಲಿಸುವಾಗ ನೀನು ರೇಗುತ್ತೀಯಲ್ಲ, ಇದನ್ನು ನೆನಪಿಡು.

ಈಗ ಆ 80. ವೇಗದ ಪರೀಕ್ಷೆಯೆಂದರೆ ಗಡಿಯಾರ ಇಟ್ಟು ಚಿಹ್ನೆ ನಕಲು ಮಾಡುವುದು, ಹೋಲಿಸಿ ಗುರುತು ಹಾಕುವುದು. ಕೈಬರಹ ನಿಧಾನವಿದ್ದರೂ, ಕಣ್ಣು ಮಂಜಿದ್ದರೂ, ಹೆದರಿದ್ದರೂ ಇಳಿಯುತ್ತದೆ. ಅರ್ಥವಾಗಲಿಲ್ಲ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಮನೆಯಲ್ಲಿ ಯಾರೋ ‘ಮಂದ’ ಅಂದರಂತೆ. ಆ ಮಾತು ಅವನ ಕಿವಿಗೆ ಬೀಳದ ಹಾಗೆ ನೋಡಿಕೋ. ಭಾಷೆಯ 116 ಕೂಡ ಇಂಗ್ಲಿಷಿನಲ್ಲಿ ಬಂದದ್ದು, ಮನೆಮಾತು ಹವ್ಯಕ ಕನ್ನಡ. ಕನ್ನಡದಲ್ಲಿ ಕೇಳಿದ್ದರೆ ಹೆಚ್ಚೇ ಬರುತ್ತಿತ್ತೇನೋ. ಪ್ಯಾರಿಸಿನ ಮನಶ್ಶಾಸ್ತ್ರಜ್ಞ ಬಿನೆ 1905ರಲ್ಲಿ ಇಂಥ ಮೊದಲ ಪರೀಕ್ಷೆ ಮಾಡಿದ್ದೂ ಯಾವ ಮಗುವಿಗೆ ನೆರವು ಬೇಕು ಎಂದು ತಿಳಿಯಲು.

‘ಮೆದುಳಿನ ವ್ಯಾಯಾಮ’ದ ಕ್ಲಾಸಿಗೆ ಹಣ ಸುರಿಯಬೇಡ. ಅಲ್ಲಿ ಆಡಿಸಿದ ಆಟದಲ್ಲಿ ಚುರುಕಾಗುತ್ತಾರೆ, ಪಾಠಕ್ಕೆ ಅದು ಅಷ್ಟಾಗಿ ದಾಟುವುದಿಲ್ಲ. ಮೊದಲು ಕಣ್ಣು ತೋರಿಸು. ಒಮ್ಮೆಗೆ ಒಂದೇ ಕೆಲಸ ಹೇಳು, ಉದ್ದದ್ದಾದರೆ ಚೀಟಿಯಲ್ಲಿ ಬರೆದುಕೊಡು. ಶಾಲೆಯಲ್ಲಿ ಎರಡು ಕೇಳು: ಬರೆಯಲು ಹೆಚ್ಚು ಸಮಯ ಕೊಡುತ್ತಾರಾ, ಬಾಯಲ್ಲಿ ಉತ್ತರ ಹೇಳಲು ಬಿಡುತ್ತಾರಾ. ಅರ್ಜಿಯಲ್ಲಿ ಬರೆದೇ ಕೇಳು, ಬಾಯಿಮಾತು ಮರೆತುಹೋಗುತ್ತಾರೆ.

ಇಂತಿ,
ನಿನ್ನ ಅತ್ತೆ