ಸೂಲಗಿತ್ತಿ ನರಸಮ್ಮನವರನ್ನು ನೆನೆದು, ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನಾನು ಪಾವಗಡ ತಾಲ್ಲೂಕಿನವಳು. ಪಾವಗಡ ಅಂದರೆ ಈಗ ಎಲ್ಲರಿಗೂ ತಿರುಮಣಿಯ ಸೋಲಾರ್ ಪಾರ್ಕ್ ನೆನಪಾಗುತ್ತದೆ. ಅದಕ್ಕೂ ಮುಂಚೆ ಬರ, ಫ್ಲೋರೈಡ್ ನೀರು. ನಮಗೆ ಇನ್ನೊಂದು ಗುರುತೂ ಇದೆ. ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. 2018ರ ಡಿಸೆಂಬರ್ 25ರಂದು, 98ನೇ ವಯಸ್ಸಿನಲ್ಲಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವರು ತೀರಿಕೊಂಡರು. ಆ ದಿನ ಬಂದಾಗಲೆಲ್ಲ ಯಾರಾದರೂ ಅವರ ಫೋಟೊ ಹಾಕಿ ‘ಮಹಾತಾಯಿ’ ಅಂತ ಬರೆದು ಕೈ ಮುಗಿಯುತ್ತಾರೆ. ನಾನೂ ಹಾಕಿದ್ದೇನೆ. ಈ ಸಲ ಫೋಟೊ ಬೇಡ, ನಿಮಗೊಂದು ಪತ್ರ ಬರೆಯೋಣ ಅನ್ನಿಸಿತು.

ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬಡ ದಲಿತ ಕುಟುಂಬ. 12ನೇ ವಯಸ್ಸಿಗೇ ಮದುವೆ. ಹೆರಿಗೆ ಮಾಡಿಸುವುದನ್ನು ಕಲಿತದ್ದು ತಮ್ಮ ಅಜ್ಜಿಯ ಪಕ್ಕ ಕೂತು. 1940ರಲ್ಲಿ, 20ರ ವಯಸ್ಸಿನಲ್ಲಿ, ಚಿಕ್ಕಮ್ಮನ ಹೆರಿಗೆಗೆ ಕೈ ಹಚ್ಚಿದರು. ಅಲ್ಲಿಂದ ಶುರುವಾದ ಕೆಲಸ ಸುಮಾರು 70 ವರ್ಷ ನಡೆಯಿತು. ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ ಅಂತ ಹೇಳುತ್ತಿದ್ದರು. ಊರಿಗೆ ಬರುತ್ತಿದ್ದ ಅಲೆಮಾರಿಗಳಿಂದ ಗಿಡಮೂಲಿಕೆ ಔಷಧಿಯನ್ನೂ ಕಲಿತುಕೊಂಡರು. 15 ಸಾವಿರಕ್ಕೂ ಜಾಸ್ತಿ ಹೆರಿಗೆ ಮಾಡಿಸಿದ್ದಾರೆ ಅನ್ನುತ್ತಾರೆ. ಯಾರ ಹತ್ತಿರವೂ ದುಡ್ಡು ಕೇಳಲಿಲ್ಲ.

ಅವರಿಗೂ 12 ಮಕ್ಕಳು. ಅದರಲ್ಲಿ ನಾಲ್ಕು ಚಿಕ್ಕಂದಿನಲ್ಲೇ ಹೋದವು. ಈ ಮಾತನ್ನು ಫೋಟೊ ಹಾಕುವವರು ಬರೆಯುವುದು ಕಡಿಮೆ. ನನಗೆ ಮಾತ್ರ ಅಜ್ಜಿಯ ವಿಷಯದಲ್ಲಿ ಮೊದಲು ನೆನಪಾಗುವುದು ಇದೇ. ತನ್ನ ಮಡಿಲಲ್ಲಿ ನಾಲ್ಕು ಕಂದಮ್ಮಗಳನ್ನು ಕಳೆದುಕೊಂಡ ಹೆಂಗಸು, ಅರ್ಧರಾತ್ರಿ ಯಾರೋ ಬಾಗಿಲು ಬಡಿದರೆ ಎದ್ದು ಹೋಗುತ್ತಿದ್ದಳು. ಮನೆಯಲ್ಲಿ ಹಾಲು ಕುಡಿಯುವ ಕೂಸು ಇದ್ದಾಗಲೂ ಎಷ್ಟು ಸಲ ಹೋಗಿರಬೇಕು! ಆ ಕೂಸನ್ನು ಯಾರು ನೋಡಿಕೊಂಡರೋ.

ನಮ್ಮ ಕಡೆ ಇನ್ನೊಂದು ಮಾತೂ ಇದೆ, ಸ್ವಲ್ಪ ಕಹಿಯಾದದ್ದು. ಬೇರೆ ದಿನ ಹೊಸಿಲು ದಾಟಲು ಬಿಡದ ಮನೆಗಳೂ ಬ್ಯಾನೆ ಶುರುವಾದಾಗ ಸೂಲಗಿತ್ತಿಯನ್ನು ನಡುಮನೆಗೇ ಕರೆಯುತ್ತಿದ್ದವು. ಮಗು ಹುಟ್ಟಿ, ಕಸ (ಮಾಸು) ಬಿದ್ದು, ತಾಯಿ-ಮಗುವಿಗೆ ನೀರೆರೆದು ಮುಗಿದ ಮೇಲೆ ಮತ್ತೆ ಹಳೇ ಲೆಕ್ಕವೇ. ಮೊರದಲ್ಲಿ ಒಂದಿಷ್ಟು ಅಕ್ಕಿ, ಎಲೆ ಅಡಿಕೆ ಕೊಟ್ಟು ಕಳಿಸಿದರೆ ದೊಡ್ಡದು.

ಪ್ರಶಸ್ತಿಗಳು ಬಂದವು, ತಡವಾಗಿಯಾದರೂ. 2013ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, ಮರುವರ್ಷ ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 2018ರಲ್ಲಿ ಪದ್ಮಶ್ರೀ. ಅಲ್ಲಿಗೆ ಅಜ್ಜಿಯ ಲೆಕ್ಕ ಚುಕ್ತಾ ಅಂತ ಸರ್ಕಾರ ಅಂದುಕೊಂಡಿತೋ ಏನೋ.

ಮನೆಯಲ್ಲೇ ಹೆರಿಗೆ ಆಗಲಿ ಅಂತ ನಾನು ಕೇಳುತ್ತಿಲ್ಲ. ಆ ಕಾಲ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ರಕ್ತ ನಿಲ್ಲದಿದ್ದರೆ ಎಂಥ ಸೂಲಗಿತ್ತಿಯಾದರೂ ಏನು ಮಾಡಿಯಾಳು? ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 97% ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದೆ. ಇದರ ಹಿಂದೆ ಆಶಾ ಕಾರ್ಯಕರ್ತೆಯರ ಓಡಾಟ ಇದೆ, 108 ಇದೆ, ನಿಮ್ಮ ಇಲಾಖೆಯ ನರ್ಸಮ್ಮಂದಿರ ದುಡಿಮೆ ಇದೆ. ಆದರೂ 2018-20ರ ಲೆಕ್ಕದಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸತ್ತರು. ಅದೇ ಲೆಕ್ಕದಲ್ಲಿ ಕೇರಳದಲ್ಲಿ 19. ದಕ್ಷಿಣದ ಐದು ರಾಜ್ಯಗಳಲ್ಲಿ ನಾವೇ ಹಿಂದೆ.

ಅಂಕಿಸಂಖ್ಯೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದ್ದರಿಂದ ನಮ್ಮ ಮನೆಯ ಕಥೆಗೇ ಬರುತ್ತೇನೆ.

ನನ್ನ ತಂಗಿಯ ಚೊಚ್ಚಲ ಹೆರಿಗೆ ಒಂದು ಸರ್ಕಾರಿ ಆಸ್ಪತ್ರೆಯಲ್ಲಾಯಿತು. ಬೆಳಿಗ್ಗೆ ಏಳಕ್ಕೆ ಅವಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿದರು. ಅಮ್ಮ ಬಾಗಿಲ ಪಕ್ಕ ಫ್ಲಾಸ್ಕ್ ಹಿಡಿದು ನೆಲದ ಮೇಲೆ ಕೂತಳು. ಅವಳು ಹೆತ್ತವಳು, ಮೂರು ಹೆರಿಗೆ ಕಂಡವಳು. ಒಳಗಿಂದ ತಂಗಿ ‘ಅಮ್ಮಾ’ ಅಂತ ಕೂಗುವುದು ಕೇಳಿಸುತ್ತಿತ್ತು. ಆಮೇಲೆ ಯಾರೋ ‘ಕಿರುಚಬೇಡ ಸುಮ್ನಿರು, ಆವಾಗ ಗೊತ್ತಿರಲಿಲ್ವಾ’ ಅಂದದ್ದೂ ಕೇಳಿಸಿತು. ಅಮ್ಮ ತಲೆ ತಗ್ಗಿಸಿದಳು. ಮಧ್ಯಾಹ್ನ ಮೂರಕ್ಕೆ ಮಗು ಹುಟ್ಟಿತು. ಇಬ್ಬರೂ ಚೆನ್ನಾಗಿದ್ದಾರೆ. ಡಾಕ್ಟರು ಒಳ್ಳೆಯವರೇ, ಚಿಕಿತ್ಸೆಯಲ್ಲಿ ಕೊರತೆ ಏನೂ ಆಗಲಿಲ್ಲ. ಒಳಗೆ ಎರಡು ಕೈಯಲ್ಲಿ ಐದು ಹೆರಿಗೆ ನೋಡುತ್ತಿದ್ದ ನರ್ಸಮ್ಮನ ಮೇಲೂ ನನಗೆ ಸಿಟ್ಟಿಲ್ಲ. ಆದರೆ ಆ ಎಂಟು ಗಂಟೆ ನನ್ನ ತಂಗಿಯ ಕೈ ಹಿಡಿದುಕೊಳ್ಳಲು ಒಂದು ಜೀವ ಇರಲಿಲ್ಲ. ಅವಳು ಇವತ್ತಿಗೂ ಹೇಳುವುದು ನೋವಿನ ಕಥೆಯಲ್ಲ, ಅದನ್ನೇ.

ನರಸಮ್ಮನವರಂಥವರ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ ಅಲ್ವಾ? ಕಾಯುವುದು. ಬೆನ್ನು ನೀವುವುದು. ಬಿಸಿನೀರು ಕುಡಿಸುವುದು. ‘ಇನ್ನೊಂಚೂರು ತಾಳು ಮಗಳೇ’ ಅನ್ನುವುದು. ಹರಳೆಣ್ಣೆ, ಕಷಾಯ ಇವೆಲ್ಲ ಆಮೇಲಿನ ಮಾತು. ಹೆರಿಗೆಯನ್ನು ಆಸ್ಪತ್ರೆಗೆ ಸಾಗಿಸುವಾಗ ಬ್ಲೇಡು, ಬಟ್ಟೆ, ಬಾಣಲೆ ಹಿಂದೆ ಬಿಟ್ಟೆವು, ಸರಿ. ಪಕ್ಕದಲ್ಲಿ ಕೂರುವವಳನ್ನೂ ಬಿಟ್ಟು ಹೋದೆವು.

ಇದಕ್ಕೆ ಹೊಸ ಕಾನೂನು ಬೇಕಿಲ್ಲ ಸಚಿವರೇ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಕೋಣೆಯೊಳಗೆ ಒಬ್ಬ ಜೊತೆಗಾತಿಯನ್ನು ಬಿಡಬೇಕೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. ಆ ಜೊತೆಗಾತಿ ಸ್ವತಃ ಹೆರಿಗೆ ಕಂಡವಳಾಗಿರಬೇಕು, ಸೋಂಕು ರೋಗ ಇರಬಾರದು, ಶುಭ್ರ ಬಟ್ಟೆ ಉಟ್ಟಿರಬೇಕು, ಡಾಕ್ಟರ ಕೆಲಸಕ್ಕೆ ಅಡ್ಡ ಬರಬಾರದು. ನಮ್ಮಮ್ಮ ಈ ಎಲ್ಲದರಲ್ಲೂ ಪಾಸು! ಹೆರಿಗೆ ಕೋಣೆ ಸುಧಾರಿಸಲೆಂದೇ 2017ರಲ್ಲಿ ‘ಲಕ್ಷ್ಯ’ ಯೋಜನೆ ಬಂತು. ಅದರಲ್ಲೂ ಈ ಮಾತಿದೆ. ಕಾಗದದಲ್ಲಿ ಇರುವುದು ನಮ್ಮಮ್ಮ ಕೂತ ಆ ಬಾಗಿಲವರೆಗೆ ಬಂದಿರಲಿಲ್ಲ, ಅಷ್ಟೇ. ಒಂದೇ ಕೋಣೆಯಲ್ಲಿ ನಾಲ್ಕು ಮಂಚ ಇದ್ದರೆ ನಡುವೆ ಪರದೆ ಹಾಕಿಸಬೇಕು, ಜೊತೆಗಾತಿಗೆ ಒಂದು ಸ್ಟೂಲ್ ಕೊಡಬೇಕು. ಖರ್ಚು ಅಂದರೆ ಇಷ್ಟೇ.

ಅಜ್ಜಿ ತೀರಿಕೊಂಡ ವರ್ಷವೇ ಕೇಂದ್ರ ಸರ್ಕಾರ ಇನ್ನೊಂದು ಮಾರ್ಗಸೂಚಿ ತಂದಿತು. ನರ್ಸಿಂಗ್ ಓದಿದವರಿಗೆ ಮತ್ತೆ 18 ತಿಂಗಳು ಹೆರಿಗೆ ವಿದ್ಯೆಯಲ್ಲೇ ತರಬೇತಿ ಕೊಟ್ಟು, ಸಹಜ ಹೆರಿಗೆಯನ್ನು ಅವರ ಕೈಗೇ ಒಪ್ಪಿಸುವ ಯೋಚನೆ ಅದು. ಓದಿದ ಸೂಲಗಿತ್ತಿಯರು ಅಂದುಕೊಳ್ಳಿ. ಪಾವಗಡದಂಥ ತಾಲ್ಲೂಕಿಗೆ ಇಂಥವರು ಮೊದಲು ಬರಬೇಕು. ಇಲ್ಲಿ ಸ್ವಲ್ಪ ಕಷ್ಟ ಕಂಡರೂ ‘ತುಮಕೂರಿಗೆ ಕರ್ಕೊಂಡು ಹೋಗಿ’ ಅನ್ನುತ್ತಾರೆ. ತುಮಕೂರು ಅಂದರೆ ಸುಮಾರು ನೂರು ಕಿಲೋಮೀಟರ್.

ತುಮಕೂರು ಅಂದಾಗ ಆ ಇನ್ನೊಬ್ಬ ತಾಯಿಯನ್ನು ನೆನೆಯದೆ ಇರಲು ಆಗುವುದಿಲ್ಲ. 2022ರ ನವೆಂಬರ್‌ನಲ್ಲಿ, ಬಸುರಿಯರಿಗೆ ಸರ್ಕಾರ ಕೊಡುವ ತಾಯಿ ಕಾರ್ಡ್ ಇಲ್ಲ ಅಂತ ಆಸ್ಪತ್ರೆಯಿಂದ ವಾಪಸ್ ಬಂದ ಬಸುರಿ, ಮನೆಯಲ್ಲಿ ಅವಳಿ ಮಕ್ಕಳನ್ನು ಹೆತ್ತು, ಮೂವರೂ ತೀರಿಕೊಂಡರು. ಆಮೇಲೆ ಸಿಬ್ಬಂದಿಯ ಅಮಾನತಾಯಿತು, ಪೇಪರಿನಲ್ಲಿ ದೊಡ್ಡ ಸುದ್ದಿಯಾಯಿತು. ಓದು ಬರಹ ಬಾರದ ನರಸಮ್ಮಜ್ಜಿ ತನ್ನ 70 ವರ್ಷದಲ್ಲಿ ಯಾವ ಬಸುರಿಯ ಹತ್ತಿರ ಕಾರ್ಡ್ ಕೇಳಿದ್ದಳು?

ಅಜ್ಜಿಯ ಹೆಸರನ್ನು ಯಾವುದಾದರೂ ವೃತ್ತಕ್ಕೋ ಭವನಕ್ಕೋ ಇಡುವ ಯೋಚನೆ ಇದ್ದರೆ ಬೇಡ ಅನ್ನುವುದಿಲ್ಲ. ಇಡುವುದಾದರೆ ಆ ಸ್ಟೂಲಿಗೆ ಇಡಿ. ಹೆರಿಗೆ ಕೋಣೆಯ ಬಾಗಿಲ ಮೇಲೆ ‘ಜೊತೆಗೊಬ್ಬರು ಒಳಗೆ ಬರಬಹುದು’ ಅಂತ ಕನ್ನಡದಲ್ಲಿ, ನಮ್ಮ ಗಡಿ ಕಡೆ ತೆಲುಗಿನಲ್ಲೂ ಬರೆಸಿ. ಕೆಳಗೆ ಅಜ್ಜಿಯ ಹೆಸರು ಇರಲಿ.

ನನ್ನ ತಂಗಿ ಈಗ ಮತ್ತೆ ಬಸುರಿ. ಯುಗಾದಿ ಆಸುಪಾಸಿಗೆ ದಿನ ತುಂಬುತ್ತದೆ. ಮೊನ್ನೆ ಅಮ್ಮ ಹಳೇ ಸೀರೆಗಳನ್ನು ಒಗೆದು ಮಡಚಿಡುತ್ತಿದ್ದಳು. ತನ್ನದೂ ಒಂದು ಒಳ್ಳೇ ಸೀರೆ ಬೇರೆ ತೆಗೆದಿಟ್ಟಳು. ಯಾಕಮ್ಮ ಅಂದೆ. ‘ಈ ಸಲ ಒಳಗೆ ಬಿಡ್ತಾರೇನೋ’ ಅಂದಳು.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಪಾವಗಡ ತಾಲ್ಲೂಕಿನ ಒಬ್ಬ ಅಕ್ಕ