ರೋಮಿನ ಬೀದಿ ನಲ್ಲಿ ಬಾವುಟಗುಡ್ಡೆಗೂ ಬರಲಿ

ಮಾನ್ಯರೇ,

ವಿದ್ಯಾರ್ಥಿ ವಿನಿಮಯದಲ್ಲಿ ಒಂದು ಸೆಮಿಸ್ಟರ್ ಓದಲು ಜರ್ಮನಿಗೆ ಹೋಗಿರುವ ನನ್ನ ತಂಗಿಯ ಮಗಳು ಗೆಳತಿಯರ ಜತೆ ಒಂದು ದಿನ ರೋಮ್ ಸುತ್ತಿ ಬಂದು ಫೋನ್ ಮಾಡಿದ್ದಳು. ಟಿಕೆಟ್ ಸಾಲು ನೋಡಿ ಕೊಲೋಸಿಯಂಗೆ ಹೊರಗಿನಿಂದಲೇ ಕೈಮುಗಿದರಂತೆ. ಪ್ಯಾಂಥಿಯಾನ್, ಟ್ರೆವಿ ಕಾರಂಜಿ ಎಲ್ಲ ಆಯಿತು. ಆದರೆ ಹುಡುಗಿ ಬಾಯಿತುಂಬ ಹೊಗಳಿದ್ದು ಅಲ್ಲಿನ ಬೀದಿ ನಲ್ಲಿಯನ್ನು!

ಎರಕದ ಕಬ್ಬಿಣದ ಗಿಡ್ಡ ಕಂಬ, ಬಾಗಿದ ಕೊಳವೆ, ಹಗಲೂ ರಾತ್ರಿ ತಣ್ಣನೆಯ ನೀರು. ಕೊಳವೆಯ ಬಾಯಿಗೆ ಬೆರಳು ಒತ್ತಿದರೆ ಮೇಲಿನ ಪುಟ್ಟ ತೂತಿನಿಂದ ನೀರು ಚಿಮ್ಮುತ್ತದೆ, ಲೋಟವೇ ಬೇಡ. 1874ರಿಂದ ನೆಟ್ಟ ಇಂಥ ನಲ್ಲಿಗಳು ಊರಿಡೀ ಇವೆ. ನೀರಿಗೆ ಕಾಸಿಲ್ಲ.

ನಮ್ಮ ಮಂಗಳೂರಿನ ಬಾವುಟಗುಡ್ಡೆಯ ಅಲೋಶಿಯಸ್ ಚಾಪೆಲ್‌ನ ಗೋಡೆ, ಮಾಡಿನ ತುಂಬ ಚಿತ್ರ ಬರೆದವರೂ ಇಟಲಿಯವರೇ, ಆಂಟೋನಿಯೊ ಮೊಸ್ಕೇನಿ. ಅದನ್ನು ನೋಡಲು ಏಪ್ರಿಲ್ ಸೆಕೆಯಲ್ಲಿ ಹಂಪನಕಟ್ಟೆಯಿಂದ ಗುಡ್ಡೆ ಹತ್ತುವವರಿಗೆ ದಾರಿಬದಿ ಕುಡಿಯುವ ನೀರಿನ ನಲ್ಲಿಯೊಂದು ನನ್ನ ಕಣ್ಣಿಗಂತೂ ಬಿದ್ದಿಲ್ಲ. ಕಳೆದ ರಜೆಯಲ್ಲಿ ಶಿವಮೊಗ್ಗದ ನೆಂಟರನ್ನು ಕರೆದೊಯ್ದಾಗ ಬಾಟಲಿ ನೀರು ಕೊಂಡೇ ಕುಡಿದೆವು. ಖಾಲಿ ಬಾಟಲಿಗಳು ಎಲ್ಲಿಗೆ ಹೋಗುತ್ತವೆಂದು ಮಳೆಗಾಲದಲ್ಲಿ ಚರಂಡಿ ನೋಡಿದವರಿಗೆ ಗೊತ್ತು.

ಸದಾ ಹರಿಯುವ ನಲ್ಲಿ ನಮಗೆ ಬೇಡ, ಮೇ ತಿಂಗಳಲ್ಲಿ ನಮಗೆ ನೀರುಣಿಸುವ ತುಂಬೆ ಡ್ಯಾಂನ ಮಟ್ಟ ನೋಡುತ್ತ ಕೂರುವ ಊರು ನಮ್ಮದು. ಒತ್ತಿದರಷ್ಟೇ ನೀರು ಬರುವ ನಲ್ಲಿ ಸಾಕು. ಮುಂದಿನ ಬೇಸಗೆಯೊಳಗೆ ಹಂಪನಕಟ್ಟೆ, ಬಾವುಟಗುಡ್ಡೆ, ಕದ್ರಿ ಪಾರ್ಕ್ ಬಳಿ ಒಂದೊಂದು ಹಾಕಿಸಿ, ವಾರಕ್ಕೊಮ್ಮೆ ತೊಳೆಯುವ ಜನವನ್ನೂ ಸಂಬಂಧಪಟ್ಟವರು ಈಗಲೇ ನೇಮಿಸಲಿ.

– ನಿವೃತ್ತ ಶಿಕ್ಷಕಿ, ಕದ್ರಿ, ಮಂಗಳೂರು