‘ಎಲೆ ತೆಗೆದು ಮೀನು ತೋರಿಸಿ’ ಎಂದ ನಿಮ್ಮ ಗ್ರಾಹಕ ಸೇವೆಗೆ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಕಾರವಾರದಿಂದ ನಮಸ್ಕಾರ. ಆರು ಸಲ ಫೋನ್ ಮಾಡಿದ್ದೇನೆ. ಆರು ಸಲವೂ ಮರ್ಯಾದೆಯಿಂದಲೇ ಮಾತಾಡಿದ್ದೇನೆ. ಹಾಗಾಗಿ ಈ ಪತ್ರದಲ್ಲಿ ಅದು ಸ್ವಲ್ಪ ಕಡಿಮೆ ಬಿದ್ದರೆ ಬೇಸರ ಬೇಡ.

ಮೇ ಕೊನೆಯ ವಾರ ಮನೆಯ ಅಕ್ವೇರಿಯಂಗೆಂದು ನಿಮ್ಮಿಂದ ದಕ್ಷಿಣ ಅಮೆರಿಕದ ಎಲೆಮೀನು ತರಿಸಿದೆ. ಜೀವಂತ ಮೀನನ್ನಷ್ಟೇ ತಿನ್ನುವುದಕ್ಕೆ ಒಂದು ದರ, ‘ಫ್ರೋಜನ್ (ಹೆಪ್ಪುಗಟ್ಟಿಸಿದ ಆಹಾರ) ತಿನ್ನಲು ಕಲಿತ’ದ್ದಕ್ಕೆ 600 ರೂಪಾಯಿ ಜಾಸ್ತಿ. ಕಲಿತದ್ದನ್ನೇ ತೆಗೆದುಕೊಂಡೆ. ತಿನ್ನದಿದ್ದರೆ 45 ದಿನದೊಳಗೆ ಬದಲಿಸಿ ಕೊಡುವ ನಿಮ್ಮ 9ನೇ ನಿಯಮ ನಿಮಗೆ ಗೊತ್ತೇ ಇದೆ, ಅಲ್ವಾ?

ಇಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಟ್ರಾಲರ್‌ಗಳು ಕಡಲಿಗೆ ಇಳಿಯುವಂತಿಲ್ಲ. ಶೆಟ್ಲಿಗೆ, ಅಂದರೆ ಸಿಗಡಿಗೆ, ಬಂಗಾರದ ರೇಟು. ಆದರೂ ಎಲೆಮೀನಿಗೆ ಶೆಟ್ಲಿ, ನಮಗೆ ಒಣಮೀನು. ಸಣ್ಣಗೆ ಹೆಚ್ಚಿ, ಹಿಡಿಕಡ್ಡಿಯ ತುದಿಗೆ ಸಿಕ್ಕಿಸಿ, ಮೂತಿಯ ಮುಂದೆ ಮೆಲ್ಲಗೆ ನಡುಗಿಸಿದೆ. ಅಲುಗಾಡದ್ದು ಅದಕ್ಕೆ ಆಹಾರವೇ ಅಲ್ಲ, ಅಷ್ಟು ನನಗೂ ಗೊತ್ತು. ಐದು ದಿನ ಉಪವಾಸ ಹಾಕಿದೆ. ಆಮೇಲೆ ಗಪ್ಪಿ ಅನ್ನುವ ಪುಟ್ಟ ಜೀವಂತ ಮೀನೊಂದನ್ನು ಕೊಟ್ಟು, ಅದನ್ನು ನುಂಗಿದ ಹುರುಪಿನಲ್ಲಿರುವಾಗಲೇ ಕಡ್ಡಿ ಇಳಿಸಿದೆ. ಬಾಯಿಯನ್ನು ಕೊಳವೆಯ ಹಾಗೆ ಚಾಚಿ ಶೆಟ್ಲಿ ಎಳೆದುಕೊಂಡಿತು! ಮನೆಯವಳನ್ನು ಕೂಗಿದೆ. ಅವಳು ಬರುವಷ್ಟರಲ್ಲಿ ಉಗುಳಿತ್ತು.

ಈಗ ನಮ್ಮ ಬಚ್ಚಲಲ್ಲಿ ನಾಲ್ಕು ಬಕೆಟ್ ಗಪ್ಪಿ ಇವೆ. ಹೊರಗಿನಿಂದ ತಂದದ್ದನ್ನು ನೇರವಾಗಿ ಹಾಕಿದರೆ ಬಿಳಿ ಚುಕ್ಕೆ ರೋಗ ಬರಬಹುದು, ಹಾಗಾಗಿ ಎರಡು ವಾರ ಬೇರೆ ಇಡಬೇಕು. ನಾವು ಸ್ನಾನ ಎಲ್ಲಿ ಮಾಡಬೇಕು ಅನ್ನುವುದು 10ನೇ ನಿಯಮದಲ್ಲಿ ಇರಬಹುದೇನೋ.

ಇನ್ನು ನಿಮ್ಮವರ ಜೊತೆ ಜುಲೈ 3ರ ವಿಡಿಯೋ ಕರೆ. ಆರ್ಡರ್ ನಂಬರ್ ಬರೆದು ಗಾಜಿಗೆ ಅಂಟಿಸಿ ಅಂದರು, ಅಂಟಿಸಿದೆ. ಟ್ಯೂಬ್‌ಲೈಟ್ ಹೊಳೆಯುತ್ತಿದೆ ಅಂದರು, ಆರಿಸಿದೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕಡ್ಡಿ. ಮಗಳು ಟಾರ್ಚ್ ಹಿಡಿದಳು. ಮೀನು ತಲೆ ಕೆಳಗೆ ಮಾಡಿ ತೇಲುತ್ತಿತ್ತು. ಒಣಗಿದ ಎಲೆಯ ಹಾಗೆ ನಟಿಸುವುದೇ ಅದರ ಹುಟ್ಟುಗುಣ.

“ಸರ್, ಮೀನು ತೋರಿಸಿ.”

“ಇದೇ ಮೀನು.”

“ಅದು ಎಲೆ ಸರ್. ಎಲೆ ತೆಗೆದು ಮೀನು ತೋರಿಸಿ.”

“ಇದು ಎಲೆಮೀನು. ನೀವೇ ಮಾರಿದ್ದು.”

ಪಕ್ಕದವರನ್ನು ಕರೆದರು. ಇಬ್ಬರೂ ಕಣ್ಣು ಕಿರಿದು ಮಾಡಿ ನೋಡಿದರು.

“ಅಲುಗಾಡ್ತಿಲ್ಲ ಸರ್. ಸತ್ತಿದೆ.”

“ಸತ್ತಿಲ್ಲ. ರೆಕ್ಕೆ ಆಡ್ತಾ ಇದೆ. ಗಾಜಿನ ಹಾಗಿರ್ತದೆ, ಸರಿಯಾಗಿ ನೋಡಿ.”

“ಸತ್ತ ಮೀನಿಗೆ 2 ಗಂಟೆಯೊಳಗೆ ದೂರು ಕೊಡಬೇಕಿತ್ತು ಸರ್.”

ಫೋನ್ ಇಟ್ಟರು. ಟಾರ್ಚ್ ಹಿಡಿದಿದ್ದ ಮಗಳು ನಕ್ಕಳು, ನಿಮ್ಮನ್ನು ನೋಡಿ ಅಲ್ಲ, ನನ್ನನ್ನು ನೋಡಿ. ಹತ್ತು ನಿಮಿಷಕ್ಕೆ ಮೆಸೇಜು ಬಂತು: ‘ಮೀನು ಸತ್ತಿರುವ ಕಾರಣ ದೂರು ಮುಕ್ತಾಯ.’ ಆಗ ಆ ಸತ್ತ ಮೀನು ಗಪ್ಪಿ ನುಂಗುತ್ತಿತ್ತು.

ನಾನು ಕೇಳಿದ್ದು ಆ 600 ರೂಪಾಯಿ ಮಾತ್ರ. ಈಗ ಅದೂ ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನಿರುವ ಊರಲ್ಲೇ ದೂರು ಕೊಡಬಹುದು. ಜಿಲ್ಲಾ ಗ್ರಾಹಕ ಆಯೋಗ ಕಾರವಾರದಲ್ಲೇ ಇದೆ. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ನನಗೆ ರಿಕ್ಷಾ ಬಾಡಿಗೆ ಅಷ್ಟೇ. ನೀವು ಬೆಂಗಳೂರಿನಿಂದ ಈ ಮಳೆಯಲ್ಲಿ ಅರಬೈಲು ಘಾಟಿ ಇಳಿದು ಬನ್ನಿ. ಕರೆಯಲ್ಲಿದ್ದ ಆ ಇಬ್ಬರೂ ಜೊತೆಗಿರಲಿ. ಮೀನನ್ನು ನಾನು ಬಕೆಟಿನಲ್ಲಿ ತರುತ್ತೇನೆ, ಒಂದು ಒಣ ಹಲಸಿನ ಎಲೆಯನ್ನೂ ಹಾಕಿರುತ್ತೇನೆ. ಯಾವುದು ಮೀನು ಎಂದು ಅವರೇ ತೋರಿಸಲಿ.

ಇಂತಿ,
ನಿಮ್ಮ ಗ್ರಾಹಕ